ಪಾಲನಾ ಮಂಡಳಿ ಸಭೆ ಸರಿಯಾಗಿ ನಡೆಯಬೇಕಾದರೆ: ನಿಯಮ ಬರೆದುಕೊಳ್ಳುವ ಬಗೆ

ನಿಮ್ಮ ಕಥೋಲಿಕ ಚರ್ಚಿನ ಪಾಲನಾ ಮಂಡಳಿಗೆ, ಅಂದರೆ ಗುರುಗಳಿಗೆ (ಫಾದರಿಗೆ) ಸಲಹೆ ಕೊಡುವ ಮಂಡಳಿಗೆ, ಹೊಸದಾಗಿ ಆಯ್ಕೆಯಾಗಿದ್ದೀರಾ? ಕಾರ್ಯದರ್ಶಿ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆಯಾ? ಹಾಗಾದರೆ ಇದು ನಿಮಗಾಗಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಈಗಿನ ವಿಜಯನಗರ ಜಿಲ್ಲೆ ಎಲ್ಲವೂ ಬಳ್ಳಾರಿ ಧರ್ಮಕ್ಷೇತ್ರದಲ್ಲಿ, ಅಂದರೆ ಬಳ್ಳಾರಿಯ ಬಿಷಪರ ಆಡಳಿತದಲ್ಲಿ, ಬರುತ್ತವೆ. ಈ ಧರ್ಮಕ್ಷೇತ್ರ ಆದದ್ದು 1949ರಲ್ಲಿ. ಆದರೆ ಇಲ್ಲಿನ ಕ್ರೈಸ್ತರ ಕಥೆ ಅದಕ್ಕಿಂತ ಎಷ್ಟೋ ಹಳೆಯದು, ಮುದಗಲ್ಲಿನ ಕ್ರೈಸ್ತ ಸಮುದಾಯ ಬಿಜಾಪುರದ ಆದಿಲ್ ಶಾಹಿಗಳ ಕಾಲದಿಂದ ಇದೆ. ಇಷ್ಟು ಹಳೆಯ ಸಮುದಾಯದಲ್ಲಿ ಸಭೆ ನಡೆಸುವ ರೀತಿ ಬಾಯಿಂದ ಬಾಯಿಗೆ ಬಂದಿರುತ್ತದೆ, ಕಾಗದದ ಮೇಲೆ ಇರುವುದಿಲ್ಲ. ಹಿರಿಯರು ಇರುವವರೆಗೆ ಅದು ನಡೆಯುತ್ತದೆ. ಅವರು ಹೋದ ಮೇಲೆ, ಇಲ್ಲವೇ ಗುರುಗಳು ಬದಲಾದ ಮೇಲೆ, ಎಲ್ಲರೂ ತಮಗೆ ನೆನಪಿರುವುದೇ ನಿಯಮ ಎನ್ನುತ್ತಾರೆ. ಜಗಳ ಶುರುವಾಗುವುದೇ ಅಲ್ಲಿ.

ಅದಕ್ಕೇ ಎರಡು ಮೂರು ಪುಟದ ನಿಯಮ ಬರೆದುಕೊಳ್ಳಿ ಅಂತ ನಾನು ಹೇಳುವುದು. ದೊಡ್ಡ ಕಾನೂನು ಪುಸ್ತಕ ಬೇಕಿಲ್ಲ. ಯಾರು ಕರೆಯಬೇಕು, ಯಾರು ಕೂರಬೇಕು, ಹೇಗೆ ಮಾತಾಡಬೇಕು, ಏನು ಬರೆದಿಡಬೇಕು, ದುಡ್ಡಿನ ಲೆಕ್ಕ ಯಾರಿಗೆ ಹೇಳಬೇಕು. ಇಷ್ಟು ಸ್ಪಷ್ಟವಾಗಿದ್ದರೆ ಸಾಕು.

ಮೊದಲು ಮಂಡಳಿಯ ಅಧಿಕಾರ ಎಷ್ಟು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕಥೋಲಿಕ ಧರ್ಮಸಭೆಯ ಈಗಿನ ಕ್ಯಾನನ್ ಕಾನೂನು 1983ರದ್ದು. ಅದರ 536ನೇ ವಿಧಿ ಪಾಲನಾ ಮಂಡಳಿಯ ಬಗ್ಗೆ ಹೇಳುತ್ತದೆ. ಅದರ ಪ್ರಕಾರ ಮಂಡಳಿಯ ಅಧ್ಯಕ್ಷರು ಧರ್ಮಕೇಂದ್ರದ (ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಪ್ರದೇಶದ) ಗುರುಗಳೇ. ಮಂಡಳಿ ಕೊಡುವುದು ಸಲಹೆ ಮಾತ್ರ, ಅದರ ಮತ ಗುರುಗಳನ್ನು ಕಟ್ಟಿಹಾಕುವುದಿಲ್ಲ. ಅದು ನಡೆಯಬೇಕಾದದ್ದು ಬಿಷಪರು ಮಾಡಿದ ನಿಯಮಗಳ ಪ್ರಕಾರ. ಮುಂದಿನ ವಿಧಿ, ಅಂದರೆ 537, ಹಣಕಾಸು ಸಮಿತಿಯದ್ದು. ಇವೆರಡರ ನಡುವೆ ಒಂದು ವ್ಯತ್ಯಾಸ ಇದೆ, ಬಹಳ ಮಂದಿಗೆ ಇದು ಗೊತ್ತಿಲ್ಲ. ಪಾಲನಾ ಮಂಡಳಿ ಇರಬೇಕೋ ಬೇಡವೋ ಅಂತ ಗುರುಗಳ ಪರಿಷತ್ತನ್ನು ಕೇಳಿ ಬಿಷಪರು ತೀರ್ಮಾನಿಸುತ್ತಾರೆ. ಹಣಕಾಸು ಸಮಿತಿ ಮಾತ್ರ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. 2024ರ ಅಕ್ಟೋಬರಿನಲ್ಲಿ ಮುಗಿದ ರೋಮಿನ ಸಿನೋದ್ ಸಭೆಯ (ಬಿಷಪರು ಮತ್ತು ಇತರ ಪ್ರತಿನಿಧಿಗಳು ಸೇರುವ ಸಭೆಯ) ಅಂತಿಮ ದಾಖಲೆ ಪಾಲನಾ ಮಂಡಳಿಗಳನ್ನೂ ಕಡ್ಡಾಯ ಮಾಡಬೇಕು ಅಂತ ಒತ್ತಿ ಹೇಳಿದೆ.

ಇನ್ನೊಂದು ವಿಷಯ. 1997ರಲ್ಲಿ ರೋಮಿನಿಂದ ಬಂದ ಸೂಚನಾ ಪತ್ರದ ಪ್ರಕಾರ, ಗುರುಗಳು ಅಧ್ಯಕ್ಷತೆ ವಹಿಸದ ಅಥವಾ ಅವರ ಇಚ್ಛೆಗೆ ವಿರುದ್ಧವಾಗಿ ಸೇರಿದ ಮಂಡಳಿಯ ತೀರ್ಮಾನಗಳಿಗೆ ಬೆಲೆಯಿಲ್ಲ. ಹಾಗಾಗಿ "ಫಾದರ್ ಊರಲ್ಲಿಲ್ಲ, ನಾವೇ ಕೂತು ತೀರ್ಮಾನ ಮಾಡೋಣ" ಅನ್ನುವ ದಾರಿಯನ್ನು ಬಿಟ್ಟುಬಿಡಿ. ಕೂತು ಮಾತಾಡಬಹುದು, ತಯಾರಿ ಮಾಡಬಹುದು, ಆದರೆ ಅದನ್ನು ಮಂಡಳಿಯ ಸಭೆ ಅಂತ ಬರೆಯಬೇಡಿ.

ಇದನ್ನು ಕೇಳಿದ ತಕ್ಷಣ ಕೆಲವರು "ಹಾಗಾದರೆ ನಾವು ಯಾಕೆ ಬರಬೇಕು, ಎಲ್ಲ ಅವರೇ ಮಾಡಿಕೊಳ್ಳಲಿ" ಅನ್ನುತ್ತಾರೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದೇ ಕಾನೂನಿನ 212ನೇ ವಿಧಿ ಓದಿ. ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವು ಸಲ ಕರ್ತವ್ಯ ಕೂಡ, ಅಂತ ಅದು ಹೇಳುತ್ತದೆ. ಸಲಹೆ ಕೇಳಿದಾಗ ಮನಸ್ಸಿನಲ್ಲಿ ಇದ್ದದ್ದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು ಅಂತ 127ನೇ ವಿಧಿ ಹೇಳುತ್ತದೆ. ಸಭೆಯಲ್ಲಿ ತಲೆ ಆಡಿಸಿ, ಹೊರಗೆ ಚಹಾದ ಅಂಗಡಿಯಲ್ಲಿ ಬೇರೆ ಮಾತಾಡುವವರು ಸಲಹೆ ಕೊಟ್ಟ ಹಾಗಾಗಲಿಲ್ಲ ಅಲ್ವಾ? ಮಂಡಳಿಗೆ ಹುಕುಂ ಮಾಡುವ ಶಕ್ತಿ ಇಲ್ಲದೇ ಇರುವುದರಿಂದಲೇ ಅದರ ಸಲಹೆ ಗಟ್ಟಿಯಾಗಿರಬೇಕು. ಎಲ್ಲರ ಮಾತು ಕೇಳಿ, ಲೆಕ್ಕ ಹಾಕಿ, ಬರೆದು ಕೊಟ್ಟ ಸಲಹೆಯನ್ನು ಯಾವ ಗುರುಗಳೂ ಸುಮ್ನೆ ಬದಿಗೆ ಸರಿಸುವುದು ಕಷ್ಟ. ಕೂಗಾಟದಲ್ಲಿ ಹುಟ್ಟಿದ ಸಲಹೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಧರ್ಮಕ್ಷೇತ್ರದ ನಿಯಮ ಕೈಗೆ ತೆಗೆದುಕೊಳ್ಳಿ

ಬರೆಯಲು ಕೂರುವ ಮುಂಚೆ ಗುರುಗಳ ಹತ್ತಿರ ಬಿಷಪರ ಕಚೇರಿಯ ನಿಯಮದ ಪ್ರತಿ ಕೇಳಿ. ಅವಧಿ ಎಷ್ಟು ವರ್ಷ, ಸದಸ್ಯರು ಎಷ್ಟು, ವಯಸ್ಸು, ಎರಡು ಅವಧಿ ಆದವರು ಮತ್ತೆ ನಿಲ್ಲಬಹುದಾ, ಗುರುಗಳು ವರ್ಗವಾದರೆ ಮಂಡಳಿ ಮುಂದುವರಿಯುತ್ತದಾ, ಇವೆಲ್ಲ ಅಲ್ಲಿಯೇ ತೀರ್ಮಾನವಾಗಿದ್ದರೆ ನೀವು ಬೇರೆ ಬರೆಯುವ ಹಾಗಿಲ್ಲ. ಅಲ್ಲಿ ಏನೂ ಹೇಳದೆ ಬಿಟ್ಟ ಜಾಗ ಮಾತ್ರ ನಿಮ್ಮದು. ನಿಮ್ಮ ನಿಯಮದ ಮೊದಲ ಸಾಲು ಹೀಗಿರಲಿ: "ಧರ್ಮಕ್ಷೇತ್ರದ ನಿಯಮಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಧರ್ಮಕ್ಷೇತ್ರದ ನಿಯಮವೇ ನಡೆಯುತ್ತದೆ." ಬರೆದ ಮೇಲೆ ಗುರುಗಳ ಸಹಿ ಬೇಕು, ಒಂದು ಪ್ರತಿ ಬಿಷಪರ ಕಚೇರಿಗೆ ಹೋಗಬೇಕು.

ಯಾರು ಕೂರುತ್ತಾರೆ

ಮೂರು ತರಹದ ಸದಸ್ಯರು ಇರುತ್ತಾರೆ. ಹುದ್ದೆಯ ಕಾರಣಕ್ಕೆ ಬರುವವರು: ಸಹಾಯಕ ಗುರುಗಳು, ಕಾನ್ವೆಂಟಿನ ಒಬ್ಬ ಸಿಸ್ಟರ್, ಧರ್ಮಪಾಠ ಹೇಳುವ ಉಪದೇಶಿ. ಜನ ಆರಿಸಿ ಕಳಿಸುವವರು. ಮತ್ತೆ ಗುರುಗಳು ಸೇರಿಸಿಕೊಳ್ಳುವ ಕೆಲವರು. ಯಾವ ತರಹದವರು ಎಷ್ಟು ಅಂತ ಸಂಖ್ಯೆ ಬರೆಯಿರಿ. ಸಂಖ್ಯೆ ಬರೆಯದಿದ್ದರೆ ಮುಂದೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಲೆಕ್ಕ ಹಾಕಲು ಆಗುವುದಿಲ್ಲ.

ನಮ್ಮ ಕಡೆ ಗಮನಿಸಲೇಬೇಕಾದದ್ದು ಉಪಕೇಂದ್ರಗಳು, ಅಂದರೆ ಮುಖ್ಯ ಚರ್ಚಿಗೆ ಸೇರಿದ ಹಳ್ಳಿಗಳ ಕೇಂದ್ರಗಳು. ಸಿಂಧನೂರು, ಗಂಗಾವತಿ, ಮಾನ್ವಿ ಕಡೆ ಹಳ್ಳಿಗಳಲ್ಲಿ, ಕ್ಯಾಂಪುಗಳಲ್ಲಿ ಇರುವ ಕುಟುಂಬಗಳು ಪಟ್ಟಣದ ಚರ್ಚಿಗೆ ಹಬ್ಬಕ್ಕೆ ಮಾತ್ರ ಬರುವಂತಾಗಿರಬಹುದು. ಓಟು ಹಾಕಿಸಿದರೆ ಪಟ್ಟಣದವರೇ ಜಾಸ್ತಿ ಗೆಲ್ಲುತ್ತಾರೆ. ಅದಕ್ಕೆ ಪ್ರತಿ ಉಪಕೇಂದ್ರಕ್ಕೆ ಒಂದು ಸ್ಥಾನ ಮೀಸಲು ಅಂತ ಬರೆದುಬಿಡಿ, ಅಲ್ಲಿ ಹತ್ತೇ ಮನೆ ಇದ್ದರೂ ಸರಿ. ಹೆಂಗಸರಿಗೆ ಅರ್ಧ ಸ್ಥಾನ ಇಡುವುದು ನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೂಜೆಗೆ ಬರುವವರು ಯಾರು, ಭಾನುವಾರ ಮಕ್ಕಳಿಗೆ ಪಾಠ ಹೇಳುವವರು ಯಾರು, ಕಾಯಿಲೆಯವರ ಮನೆಗೆ ಹೋಗುವವರು ಯಾರು ಅಂತ ಒಮ್ಮೆ ನೋಡಿ.

ಮೂರು ಸಭೆಗೆ ಹೇಳದೆ ಕೇಳದೆ ಬರದಿದ್ದರೆ ಸ್ಥಾನ ಹೋಗುತ್ತದೆ ಅನ್ನುವ ನಿಯಮವನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಇಡಿ, ಆದರೆ ಗುಳೆ ಹೋದವರಿಗೆ ವಿನಾಯಿತಿ ಕೊಡಿ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡದ ವರ್ಷ ದುಡಿಯಲು ಬೆಂಗಳೂರಿಗೆ ಹೋದವರ ಸ್ಥಾನ ಕಿತ್ತುಕೊಳ್ಳುವುದು ಬಡವರನ್ನೇ ಹೊರಗೆ ಹಾಕಿದಂತೆ. ಅವರು ಬರುವವರೆಗೆ ಅದೇ ಉಪಕೇಂದ್ರದಿಂದ ಬದಲಿ ಸದಸ್ಯರು ಬರಲಿ.

ಹುದ್ದೆಗಳಲ್ಲಿ ಉಪಾಧ್ಯಕ್ಷರಿಗೆ ಎಲ್ಲರೂ ಆಸೆ ಪಡುತ್ತಾರೆ. ನಿಜವಾಗಿ ಸಭೆ ನಿಂತಿರುವುದು ಕಾರ್ಯದರ್ಶಿಯ ಮೇಲೆ. ಚೆನ್ನಾಗಿ ಕನ್ನಡ ಬರೆಯುವ, ಪಕ್ಷ ವಹಿಸದ, ಒಂದು ಫೈಲು ಸರಿಯಾಗಿ ಇಟ್ಟುಕೊಳ್ಳುವ ಒಬ್ಬರನ್ನು ಹುಡುಕಿ. ಅವರಿಗೆ ಇಪ್ಪತ್ತೈದು ವರ್ಷ ಆಗಿದ್ದರೂ ಪರವಾಗಿಲ್ಲ.

ದಿನ, ಹೊತ್ತು, ಜಾಗ

ವರ್ಷದ ಮೊದಲ ಸಭೆಯಲ್ಲೇ ಇಡೀ ವರ್ಷದ ದಿನಗಳನ್ನು ನಿಗದಿ ಮಾಡಿ. ಎರಡು ತಿಂಗಳಿಗೊಂದು ಸಭೆ ಸಾಕು. ಎರಡನೇ ಭಾನುವಾರ, ಪೂಜೆ ಮುಗಿದ ಅರ್ಧ ಗಂಟೆಗೆ, ಒಂದೂವರೆ ಗಂಟೆ ಮೀರದಂತೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮೇಲೆ ದುಡಿಯುವವರಿಗೆ ದಿನ ಮುಂಚೆ ಗೊತ್ತಿದ್ದರೆ ಪಾಳಿ ಬದಲಿಸಿಕೊಳ್ಳುತ್ತಾರೆ. ಹಿಂದಿನ ದಿನ ರಾತ್ರಿ ವಾಟ್ಸಾಪಿನಲ್ಲಿ ಹೇಳಿದರೆ ಅವರು ಬರಲು ಹೇಗೆ ಸಾಧ್ಯ? ನಾಟಿ ಮತ್ತು ಕೊಯ್ಲಿನ ಹೊತ್ತಿನಲ್ಲಿ ದೊಡ್ಡ ವಿಷಯಗಳನ್ನು ಇಟ್ಟುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಏರುವ ಮುಂಚೆ ಮುಗಿಸಿ, ರಾಯಚೂರಿನ ಬಿಸಿಲಿನಲ್ಲಿ ಮಧ್ಯಾಹ್ನ ವಯಸ್ಸಾದವರು ಬಸ್ಸಿಗೆ ಕಾಯಬಾರದು. ವರ್ಷಕ್ಕೆ ಒಂದು ಸಭೆಯಾದರೂ ಉಪಕೇಂದ್ರದಲ್ಲಿ ಮಾಡಿ.

ನೋಟಿಸು ಮತ್ತು ವಿಷಯಪಟ್ಟಿ

ಇದು ಎಲ್ಲಕ್ಕಿಂತ ಮುಖ್ಯ. ಸಭೆ ಹಾಳಾಗುವುದು ಹೆಚ್ಚಾಗಿ ಸಭೆಯಲ್ಲಲ್ಲ, ಅದಕ್ಕಿಂತ ಒಂದು ವಾರ ಮುಂಚೆ, ವಿಷಯ ಏನು ಅಂತ ಯಾರಿಗೂ ಹೇಳದೇ ಇದ್ದಾಗ.

ನಿಯಮ ಹೀಗೆ ಬರೆಯಿರಿ: "ಸಭೆಗೆ ಏಳು ದಿನ ಮುಂಚೆ ವಿಷಯಪಟ್ಟಿ ಎಲ್ಲ ಸದಸ್ಯರಿಗೆ ತಲುಪಬೇಕು. ಯಾವ ಸದಸ್ಯರಾದರೂ ಹತ್ತು ದಿನ ಮುಂಚೆ ಕಾರ್ಯದರ್ಶಿಗೆ ವಿಷಯ ಬರೆದು ಕೊಡಬಹುದು. ಗುರುಗಳು ಮತ್ತು ಕಾರ್ಯದರ್ಶಿ ಕೂತು ಪಟ್ಟಿ ಮಾಡುತ್ತಾರೆ. ಕೊಟ್ಟ ವಿಷಯ ಬಿಟ್ಟರೆ ಯಾಕೆ ಬಿಟ್ಟರು ಅಂತ ಕೊಟ್ಟವರಿಗೆ ಹೇಳಬೇಕು." ಕೊನೆಯ ವಾಕ್ಯ ಬಿಡಬೇಡಿ. ವಿಷಯ ಕೊಟ್ಟೆ, ಪಟ್ಟಿಯಲ್ಲಿ ಇಲ್ಲ, ಯಾರೂ ಏನೂ ಹೇಳಲಿಲ್ಲ ಅನ್ನುವ ನೋವು ವರ್ಷಗಟ್ಟಲೆ ಉಳಿಯುತ್ತದೆ.

ವಿಷಯವನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ. "ಸಮಾಧಿ ಸ್ಥಳ" ಅಂತ ಎರಡು ಪದ ಬರೆದರೆ ಒಬ್ಬರು ಕಾಂಪೌಂಡ್ ಬಗ್ಗೆ, ಒಬ್ಬರು ಬೀಗದ ಬಗ್ಗೆ, ಇನ್ನೊಬ್ಬರು ಯಾವುದೋ ಹಳೆ ಜಗಳದ ಬಗ್ಗೆ ಮಾತಾಡುತ್ತಾರೆ. "ಸಮಾಧಿ ಸ್ಥಳದ ಪೂರ್ವದ ಗೋಡೆ ಈ ವರ್ಷ ಕಟ್ಟಬೇಕೇ, ಎಷ್ಟು ಖರ್ಚಾಗುತ್ತದೆ, ದುಡ್ಡು ಎಲ್ಲಿಂದ?" ಅಂತ ಬರೆದರೆ ಮಾತು ದಾರಿ ತಪ್ಪುವುದಿಲ್ಲ. ಪಕ್ಕದಲ್ಲಿ ಎಷ್ಟು ನಿಮಿಷ ಅಂತಲೂ ಹಾಕಿ. ಒಂದು ಮಾದರಿ:

ಪ್ರಾರ್ಥನೆ ಮತ್ತು ವಾಕ್ಯ ಓದು, 10 ನಿಮಿಷ.
ಹಿಂದಿನ ಸಭೆಯ ನಡಾವಳಿ ಓದಿ ಒಪ್ಪುವುದು, 5 ನಿಮಿಷ.
ಹಿಂದಿನ ತೀರ್ಮಾನಗಳಲ್ಲಿ ಏನಾಯಿತು, ಏನಾಗಲಿಲ್ಲ, 10 ನಿಮಿಷ.
ಸಮಾಧಿ ಸ್ಥಳದ ಗೋಡೆ, ಸಲಹೆ ಬೇಕು, 25 ನಿಮಿಷ.
ಉಪಕೇಂದ್ರಗಳಲ್ಲಿ ಮಕ್ಕಳ ಧರ್ಮಪಾಠ ನಿಂತಿರುವುದು, ಚರ್ಚೆ, 25 ನಿಮಿಷ.
ಹಣಕಾಸು ಸಮಿತಿಯ ವರದಿ, ಮಾಹಿತಿಗೆ, 10 ನಿಮಿಷ.
ಮುಂದಿನ ಸಭೆಗೆ ವಿಷಯಗಳು, 5 ನಿಮಿಷ.

"ಇತರೆ ವಿಷಯಗಳು" ಅನ್ನುವ ಸಾಲು ಇಲ್ಲಿ ಇಲ್ಲ, ನೋಡಿದಿರಾ? ಬೇಕಂತಲೇ ಬಿಟ್ಟಿದ್ದೇನೆ. ಎಲ್ಲರೂ ದಣಿದು ಎದ್ದೇಳುವ ಹೊತ್ತಿಗೆ "ಇತರೆ"ಯಲ್ಲಿ ದೊಡ್ಡ ಖರ್ಚೊಂದು ಪಾಸಾಗಿಬಿಡುತ್ತದೆ. ಹೊಸ ವಿಷಯ ಹೇಳಬಹುದು, ಆದರೆ ಅದರ ತೀರ್ಮಾನ ಮುಂದಿನ ಸಭೆಯಲ್ಲೇ. ನಿಜಕ್ಕೂ ತುರ್ತಿದ್ದರೆ, ಮಳೆಗೆ ಚಾವಣಿ ಕುಸಿದಂತಹ ಸಂದರ್ಭದಲ್ಲಿ, ಗುರುಗಳು ಮೂರು ದಿನದ ನೋಟಿಸಿನಲ್ಲಿ ವಿಶೇಷ ಸಭೆ ಕರೆಯಲಿ, ಅಲ್ಲಿ ಆ ಒಂದು ವಿಷಯ ಮಾತ್ರ. ಸದಸ್ಯರಲ್ಲಿ ಮೂರನೇ ಒಂದು ಭಾಗ ಬರೆದು ಕೇಳಿದರೆ ಗುರುಗಳು ವಿಶೇಷ ಸಭೆಯ ಬಗ್ಗೆ ಹದಿನೈದು ದಿನದಲ್ಲಿ ಉತ್ತರ ಕೊಡಬೇಕು ಅಂತಲೂ ಸೇರಿಸಬಹುದು. ಇಷ್ಟು ದಿನ, ಇಷ್ಟು ಭಾಗ ಅನ್ನುವ ಲೆಕ್ಕಗಳೆಲ್ಲ ನನ್ನ ಸಲಹೆ, ನಿಮಗೆ ಹೊಂದುವಂತೆ ಬದಲಿಸಿಕೊಳ್ಳಿ.

ವಾಟ್ಸಾಪ್ ಗುಂಪು ಸುದ್ದಿ ತಿಳಿಸಲು ಇರಲಿ. ಅಲ್ಲಿ ಬೆರಳು ಎತ್ತಿದ ಚಿತ್ರ ಹಾಕಿದ್ದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯಬೇಡಿ. ಸ್ಮಾರ್ಟ್ ಫೋನ್ ಇಲ್ಲದ ಸದಸ್ಯರಿಗೆ ವಿಷಯಪಟ್ಟಿ ಕಾಗದದಲ್ಲೇ ಕಳಿಸಿ, ಉಪದೇಶಿ ಹಳ್ಳಿಗೆ ಹೋಗುವಾಗ ಕೈಗೆ ಕೊಟ್ಟರಾಯಿತು.

ಸಭೆ ನಡೆಯುವಾಗ

ಕೋರಂ ಎಷ್ಟಿರಬೇಕು? ಸಾಮೂಹಿಕ ತೀರ್ಮಾನಗಳಿಗೆ ಕ್ಯಾನನ್ ಕಾನೂನಿನ 119ನೇ ವಿಧಿ ಹೇಳುವ ಅಳತೆ ಒಳ್ಳೆಯದು: ಕರೆಯಬೇಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಜರಿರಬೇಕು. ಇಪ್ಪತ್ತು ಸದಸ್ಯರಿದ್ದರೆ ಹನ್ನೊಂದು. ಅರ್ಧ ಗಂಟೆ ಕಾದ ಮೇಲೂ ಆಗದಿದ್ದರೆ ಬಂದವರು ಚರ್ಚೆ ಮಾಡಬಹುದು, ಸಲಹೆ ಅಂತ ಏನನ್ನೂ ಬರೆಯಬಾರದು.

ಅಧ್ಯಕ್ಷತೆ ಗುರುಗಳದ್ದು. ಆದರೆ ಮಾತು ನಡೆಸಿಕೊಡುವ ಕೆಲಸವನ್ನು ಉಪಾಧ್ಯಕ್ಷರಿಗೆ ಕೊಡಬಹುದು, ಕೊಡುವುದೇ ಒಳ್ಳೆಯದು. ಗುರುಗಳು ಕೂತು ಕೇಳುತ್ತಾರೆ, ಯಾರ ಸರದಿ ಅಂತ ಉಪಾಧ್ಯಕ್ಷರು ನೋಡಿಕೊಳ್ಳುತ್ತಾರೆ. ಗುರುಗಳು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಲಿ ಅಂತ ಪ್ರೀತಿಯಿಂದ ಕೇಳಿಕೊಳ್ಳಿ. ಅವರು ಮೊದಲೇ ಹೇಳಿಬಿಟ್ಟರೆ ಮಿಕ್ಕವರು "ಫಾದರ್ ಹೇಳಿದ ಹಾಗೆ" ಅಂತ ಸುಮ್ಮನಾಗುತ್ತಾರೆ, ಅದರಿಂದ ಅವರಿಗೇ ನಷ್ಟ, ಬೇಕಾದ ಸಲಹೆ ಸಿಗುವುದಿಲ್ಲ.

ಮಾತಿಗೆ ನಾನು ನೋಡಿದ್ದರಲ್ಲಿ ಚೆನ್ನಾಗಿ ನಡೆಯುವ ಪದ್ಧತಿ ಸುತ್ತಿನ ಪದ್ಧತಿ. ಮುಖ್ಯ ವಿಷಯಕ್ಕೆ ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಎರಡು ನಿಮಿಷ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಶುರು ಯುವಕರಿಂದ, ಉಪಕೇಂದ್ರದವರಿಂದ, ಹೊಸಬರಿಂದ. ಹಿರಿಯರು ಕೊನೆಗೆ. ಹಿರಿಯರು ಮೊದಲು ಮಾತಾಡಿದರೆ ನಮ್ಮ ಊರುಗಳಲ್ಲಿ ಕಿರಿಯರು ಎದುರು ಹೇಳುವುದಿಲ್ಲ, ಅದು ಮರ್ಯಾದೆ ಅಂತ ಕಲಿಸಿದ್ದೇವೆ. ಮರ್ಯಾದೆಗೆ ಧಕ್ಕೆ ಬಾರದೆ ಅವರ ಮಾತು ಹೊರಗೆ ಬರಬೇಕಾದರೆ ಸರದಿಯನ್ನೇ ಬದಲಿಸಬೇಕು. ಮೊದಲ ಸುತ್ತು ಮುಗಿಯುವವರೆಗೆ ಯಾರೂ ಎರಡನೇ ಸಲ ಮಾತಾಡುವುದಿಲ್ಲ. ಹೇಳುವುದು ಏನೂ ಇಲ್ಲದವರು "ಮುಂದಕ್ಕೆ" ಅಂದರೆ ಸಾಕು.

ಭಾಷೆಯ ವಿಷಯ ಹಗುರವಾಗಿ ನೋಡಬೇಡಿ. ಬಳ್ಳಾರಿ ನಗರದಲ್ಲಿ ತೆಲುಗು, ತಮಿಳು ಮನೆಮಾತಿನವರು ಇದ್ದಾರೆ, ರಾಯಚೂರಿನ ಗಡಿ ಊರುಗಳಲ್ಲಿ ತೆಲುಗು ಇನ್ನೂ ಜಾಸ್ತಿ. ಸಭೆಯ ಭಾಷೆ ಕನ್ನಡ, ನಡಾವಳಿ ಕನ್ನಡದಲ್ಲಿ, ಆದರೆ ತಮ್ಮ ಭಾಷೆಯಲ್ಲಿ ಮಾತಾಡಬೇಕು ಅನ್ನುವವರಿಗೆ ಅವಕಾಶ ಇರಲಿ, ಪಕ್ಕದವರು ಕನ್ನಡದಲ್ಲಿ ಹೇಳಲಿ. ತಡವಾಗುತ್ತದೆ, ಆಗಲಿ.

ವ್ಯಕ್ತಿಯ ಹೆಸರು ಹಿಡಿದು ಬೈದರೆ, ಮನೆತನದ ಅಥವಾ ಜಾತಿಯ ಮಾತು ಎತ್ತಿದರೆ, ನಡೆಸಿಕೊಡುವವರು ಆ ಕ್ಷಣವೇ ತಡೆಯಬೇಕು. ಎರಡನೇ ಸಲವೂ ಆದರೆ ಅವರು ಆ ದಿನದ ಸಭೆಯಿಂದ ಹೊರಗೆ. ಇದನ್ನು ಮೊದಲೇ ಬರೆದಿಟ್ಟಿದ್ದರೆ ತಡೆಯುವವರಿಗೂ ಧೈರ್ಯ ಇರುತ್ತದೆ.

ಅಭಿಪ್ರಾಯ ಒಂದಾಗದಿದ್ದಾಗ

ಎಲ್ಲರೂ ಒಪ್ಪುವ ದಾರಿ ಮೊದಲು ಹುಡುಕಿ. ಆಗಲಿಲ್ಲ ಅಂದರೆ ಒಂದು ಸಭೆ ಮುಂದಕ್ಕೆ ಹಾಕಿ, ಆ ನಡುವೆ ಎರಡೂ ಕಡೆಯ ಒಬ್ಬೊಬ್ಬರು ಕೂತು ಮಾತಾಡಲಿ. ಆಗಲೂ ಆಗದಿದ್ದರೆ ಮತ ಹಾಕಿ. ಕಾಮಗಾರಿ, ದಿನಾಂಕದಂತಹ ವಿಷಯಕ್ಕೆ ಕೈ ಎತ್ತಿದರೆ ಸಾಕು. ವ್ಯಕ್ತಿಗಳ ಆಯ್ಕೆಗೆ ಮಾತ್ರ ಚೀಟಿ. ಮತಕ್ಕೆ ಮುಂಚೆ ಕಾರ್ಯದರ್ಶಿ ವಾಕ್ಯವನ್ನು ಜೋರಾಗಿ ಓದಬೇಕು, ಯಾವುದಕ್ಕೆ ಕೈ ಎತ್ತುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತಿರಬೇಕು: "ಪೂರ್ವದ ಗೋಡೆಯನ್ನು ಮಾರ್ಚ್ ಒಳಗೆ ಕಟ್ಟಲು ಮಂಡಳಿ ಸಲಹೆ ಕೊಡುತ್ತದೆ. ಖರ್ಚಿನ ಅಂದಾಜು ಹಣಕಾಸು ಸಮಿತಿ ನೋಡಬೇಕು." ಪರ ಎಷ್ಟು, ವಿರೋಧ ಎಷ್ಟು, ಸುಮ್ಮನಿದ್ದವರು ಎಷ್ಟು ಅಂತ ಬರೆಯಿರಿ.

ಇದಾದ ಮೇಲೆ ಗುರುಗಳು ಒಪ್ಪುತ್ತಾರೆ, ಇಲ್ಲ ಯೋಚಿಸಲು ಸಮಯ ಕೇಳುತ್ತಾರೆ, ಇಲ್ಲ ಒಪ್ಪುವುದಿಲ್ಲ. ಒಪ್ಪದಿರಲು ಅವರಿಗೆ ಅಧಿಕಾರವಿದೆ. ಆದರೆ ಕಾರಣ ಹೇಳಲಿ, ಅದು ನಡಾವಳಿಯಲ್ಲಿ ಬರಲಿ: "ಮಂಡಳಿಯ ಸಲಹೆ ಒಪ್ಪದಿದ್ದರೆ ಗುರುಗಳು ಮುಂದಿನ ಸಭೆಯೊಳಗೆ ಕಾರಣ ತಿಳಿಸುತ್ತಾರೆ." ನನ್ನನ್ನು ಕೇಳಿದರೆ ಇಡೀ ನಿಯಮದಲ್ಲಿ ಅತಿ ಬೆಲೆಯುಳ್ಳ ಸಾಲು ಇದು. ಬರೆಯುವ ಹಂತದಲ್ಲೇ ಗುರುಗಳ ಜೊತೆ ಮನಬಿಚ್ಚಿ ಮಾತಾಡಿ ಇದನ್ನು ಒಪ್ಪಿಸಿಕೊಳ್ಳಿ.

ಹಬ್ಬಕ್ಕೆ ಶಾಮಿಯಾನ, ಮೈಕು, ಅಡುಗೆ ಗುತ್ತಿಗೆ ಕೊಡುವಾಗ ಸದಸ್ಯರ ಅಥವಾ ಅವರ ಮನೆಯವರ ವ್ಯಾಪಾರ ಇದ್ದರೆ ಅವರು ಮೊದಲೇ ಹೇಳಿ ಆ ವಿಷಯ ಮುಗಿಯುವವರೆಗೆ ಹೊರಗೆ ಕೂರಬೇಕು. ಅವರೇ ಕಡಿಮೆ ದರಕ್ಕೆ ಕೊಡುತ್ತಿರಬಹುದು, ಆದರೂ ಹೊರಗೆ ಕೂರಲಿ.

ನಡಾವಳಿ ಬರೆಯುವುದು

ಪುಟಸಂಖ್ಯೆ ಇರುವ ಗಟ್ಟಿ ರಟ್ಟಿನ ಪುಸ್ತಕ ಇಟ್ಟುಕೊಳ್ಳಿ. ಬಿಡಿ ಹಾಳೆ ಬೇಡ. ಕಂಪ್ಯೂಟರಿನಲ್ಲಿ ಬರೆದರೆ ಮುದ್ರಿಸಿ ಅಂಟಿಸಿ, ಅಂಚಿನ ಮೇಲೆ ಗುರುಗಳ ಮತ್ತು ಕಾರ್ಯದರ್ಶಿಯ ಸಹಿ ಬರಲಿ. ಯಾರು ಏನಂದರು ಅಂತ ಎಲ್ಲ ಬರೆಯಬೇಡಿ. ವಿಷಯ ಏನು, ಬಂದ ಮುಖ್ಯ ಅಭಿಪ್ರಾಯಗಳು ಯಾವುವು, ಸಲಹೆ ಏನು, ಗುರುಗಳು ಏನು ತೀರ್ಮಾನಿಸಿದರು, ಕೆಲಸ ಯಾರದ್ದು, ಯಾವಾಗ ಮುಗಿಯಬೇಕು. ಕೊನೆಯ ಎರಡು ಇಲ್ಲದ ನಡಾವಳಿಯಿಂದ ಕೆಲಸ ಆಗುವುದಿಲ್ಲ. "ಮಂಡಳಿ ಕ್ರಮ ತೆಗೆದುಕೊಳ್ಳಬೇಕು" ಅಂದರೆ ಯಾರು? "ಯುವಜನ ಸಂಘದ ಪ್ರತಿನಿಧಿ ಜೂನ್ ಮೂವತ್ತರೊಳಗೆ ಮೂರು ಕಡೆ ದರ ಕೇಳಿ ತರಬೇಕು" ಅಂತ ಬರೆಯಿರಿ.

ಬರೆಯಬಾರದ್ದೂ ಇದೆ. ಯಾರ ಮನೆಗೆ ನೆರವು ಕೊಟ್ಟೆವು, ಯಾರ ದಾಂಪತ್ಯದ ತೊಂದರೆ, ಯಾರ ಕಾಯಿಲೆ, ಇವು ಪುಸ್ತಕದಲ್ಲಿ ಬರಬಾರದು. ನಿಜ ಹೇಳಬೇಕೆಂದರೆ ಸಭೆಯಲ್ಲೂ ಬರಬಾರದು. ನೆರವು ಕೊಡುವ ಸಂಘ "ಈ ತಿಂಗಳು ಇಷ್ಟು ಕುಟುಂಬಕ್ಕೆ ಇಷ್ಟು ರೂಪಾಯಿ" ಅಂತ ಹೇಳಿದರೆ ಸಾಕು.

ಸಭೆಯಾದ ಒಂದು ವಾರದಲ್ಲಿ ಕರಡು ಸದಸ್ಯರಿಗೆ ಹೋಗಲಿ. ಮುಂದಿನ ಸಭೆಯಲ್ಲಿ ತಿದ್ದಿ ಒಪ್ಪಬೇಕು. ಮುಖ್ಯ ತೀರ್ಮಾನಗಳನ್ನು ಭಾನುವಾರ ಪೂಜೆಯ ಕೊನೆಗೆ ಓದಿ, ನೋಟಿಸ್ ಬೋರ್ಡಿಗೆ ಹಚ್ಚಿ, ಉಪಕೇಂದ್ರಗಳಲ್ಲೂ ಓದಿಸಿ. ಮಂಡಳಿ ಕೂತದ್ದು ಜನರ ಪರವಾಗಿ, ಅವರಿಗೆ ಗೊತ್ತಾಗಬೇಕು.

ದುಡ್ಡು

ಇಲ್ಲಿ ಒಂದೂ ಹೆಜ್ಜೆ ಬಿಡಬೇಡಿ.

ಪಾಲನಾ ಮಂಡಳಿ ಬೇರೆ, ಹಣಕಾಸು ಸಮಿತಿ ಬೇರೆ. ಒಬ್ಬಿಬ್ಬರು ಎರಡರಲ್ಲೂ ಇದ್ದರೆ ಕೊಂಡಿಯಾಗಿ ಒಳ್ಳೆಯದು, ಎಲ್ಲರೂ ಅವರೇ ಆಗಬಾರದು. ಲೆಕ್ಕ ಗೊತ್ತಿರುವವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಅಂಗಡಿ ನಡೆಸುವವರು, ಇಂಥವರು ಹಣಕಾಸು ಸಮಿತಿಗೆ ಬೇಕು.

ಕಾಣಿಕೆಯನ್ನು ಅದೇ ದಿನ ಎಣಿಸಿ. ಎಣಿಸುವವರು ಕಡಿಮೆಯೆಂದರೆ ಇಬ್ಬರು, ಒಂದೇ ಮನೆಯವರಲ್ಲ, ತಿಂಗಳು ತಿಂಗಳು ಬದಲಾಗಬೇಕು. ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಮರುದಿನ ಬ್ಯಾಂಕಿಗೆ ಕಟ್ಟಿ. ಕ್ಯೂಆರ್ ಕೋಡ್ ಧರ್ಮಕೇಂದ್ರದ ಖಾತೆಯದ್ದೇ ಆಗಿರಬೇಕು. ಹಬ್ಬದ ಗಡಿಬಿಡಿಯಲ್ಲಿ "ಸದ್ಯಕ್ಕೆ ನನ್ನ ಫೋನ್‌ಪೇಗೆ ಹಾಕಿ" ಅನ್ನುವುದನ್ನು ನಿಯಮದಲ್ಲೇ ನಿಷೇಧಿಸಿ. ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಒಂದು ನಡೆಯಿಂದ ಅವರ ಹೆಸರು ಕೆಡುತ್ತದೆ, ಅವರನ್ನು ಕಾಪಾಡಲಿಕ್ಕಾದರೂ ಈ ನಿಯಮ ಬೇಕು.

ಕ್ಯಾನನ್ ಕಾನೂನಿನ ಮೂರು ಮಾತು ಗೋಡೆಗೆ ಹಚ್ಚುವಂತಿವೆ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು, ಇದು 1267ನೇ ವಿಧಿ. ಗಂಟೆಗೋಪುರಕ್ಕೆ ಅಂತ ಎತ್ತಿದ ದುಡ್ಡು ಗೋಪುರಕ್ಕೇ. ಜಮಾ ಖರ್ಚಿನ ಪುಸ್ತಕ ಸರಿಯಾಗಿಟ್ಟು ವರ್ಷದ ಕೊನೆಗೆ ವರದಿ ಮಾಡಬೇಕು, ಇದು 1284. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೇ ಹೇಳಬೇಕು, ಇದು 1287. ಹಾಗಾಗಿ ಲೆಕ್ಕ ಕೇಳುವವರನ್ನು "ಫಾದರ್ ಮೇಲೆ ನಂಬಿಕೆ ಇಲ್ಲವಾ" ಅಂತ ಬಾಯಿ ಮುಚ್ಚಿಸಬೇಡಿ. ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಬೋರ್ಡಿಗೆ ಹಾಕಿ, ಹಬ್ಬದ ಲೆಕ್ಕ ಹಬ್ಬ ಮುಗಿದ ಮೂವತ್ತು ದಿನದಲ್ಲಿ. ಪ್ರಶ್ನೆಗಳೇ ಕಡಿಮೆಯಾಗುತ್ತವೆ.

ಜಮೀನು ಮಾರುವುದು, ಗುತ್ತಿಗೆಗೆ ಕೊಡುವುದು, ಸಾಲ ಮಾಡುವುದು, ದೊಡ್ಡ ಕಟ್ಟಡ, ಇವು ದಿನನಿತ್ಯದ ಆಡಳಿತ ಅಲ್ಲ. ಬಿಷಪರ ಬರಹದ ಅನುಮತಿ ಇಲ್ಲದೆ ಮುಂಗಡ ಕೂಡ ತೆಗೆದುಕೊಳ್ಳಬೇಡಿ.

ಹೊರದೇಶದಿಂದ ಬರುವ ಹಣದ ಬಗ್ಗೆ ಎಚ್ಚರ. 2010ರ ವಿದೇಶಿ ವಂತಿಗೆ ಕಾಯ್ದೆ ಪ್ರಕಾರ ನೋಂದಣಿ ಅಥವಾ ಸರ್ಕಾರದ ಪೂರ್ವಾನುಮತಿ ಇಲ್ಲದೆ ವಿದೇಶಿ ವಂತಿಗೆ ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯ ಖಾತೆಗೇ ಮೊದಲು ಬರಬೇಕು. ದುಬೈನಲ್ಲಿ ದುಡಿಯುವ ನಮ್ಮ ಹುಡುಗ ಭಾರತದ ಪೌರನಾಗಿದ್ದು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ನೆಂಟರು ಕಳಿಸಿದರೆ ಆಗುತ್ತದೆ. ಗೊತ್ತಾಗದಿದ್ದರೆ ಹಣ ಬರುವ ಮುಂಚೆಯೇ ಧರ್ಮಕ್ಷೇತ್ರದ ಹಣಕಾಸು ಕಚೇರಿಯನ್ನು ಕೇಳಿ.

ಮಕ್ಕಳ ಸುರಕ್ಷೆ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ದೂರು ಅಥವಾ ಅನುಮಾನ ಬಂದರೆ ಅದು ಮಂಡಳಿ ಕೂತು ಮಾತಾಡುವ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098. "ನಮ್ಮೊಳಗೇ ಮುಗಿಸೋಣ" ಅನ್ನಲು ಯಾರಿಗೂ ಅಧಿಕಾರವಿಲ್ಲ, ಆರೋಪ ಯಾರ ಮೇಲೇ ಇರಲಿ. ಇದನ್ನು ನಿಯಮದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಒಪ್ಪಿಗೆ, ತಿದ್ದುಪಡಿ, ಗುರುಗಳ ವರ್ಗ

ಕರಡು ಸಿದ್ಧವಾದ ಮೇಲೆ ಒಂದು ತಿಂಗಳು ಬೋರ್ಡಿನ ಮೇಲಿರಲಿ, ಜನ ಓದಲಿ, ಹೇಳಲಿ. ಆಮೇಲೆ ಮಂಡಳಿಯಲ್ಲಿ ಸಾಲು ಸಾಲು ಓದಿ ಒಪ್ಪಿ. ಒಂದು ವರ್ಷ ಪ್ರಯೋಗ ಅಂತ ಇಟ್ಟುಕೊಂಡು ನಂತರ ತಿದ್ದಿದರೆ ಸರಿ. ತಿದ್ದಲು ಹಿಂದಿನ ಸಭೆಯಲ್ಲೇ ಹೇಳಿರಬೇಕು, ಮೂರನೇ ಎರಡು ಭಾಗ ಸದಸ್ಯರ ಒಪ್ಪಿಗೆ ಬೇಕು, ಗುರುಗಳ ಸಹಿ ಬೇಕು.

ಕೆಲವು ವರ್ಷಕ್ಕೊಮ್ಮೆ ಗುರುಗಳು ವರ್ಗವಾಗುತ್ತಾರೆ. ಬೀಳ್ಕೊಡುಗೆ ಊಟದ ಗಲಾಟೆಯಲ್ಲಿ ಕಾಗದಪತ್ರ ಮರೆತುಹೋಗುತ್ತವೆ. ಅದಕ್ಕೆ ಕಾರ್ಯದರ್ಶಿ ಮತ್ತು ಹಣಕಾಸು ಸಮಿತಿಯವರು ಮೊದಲೇ ಒಂದು ಪಟ್ಟಿ ಮಾಡಿಡಲಿ: ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳು, ಧರ್ಮಕೇಂದ್ರದ ಮುದ್ರೆ, ಜಮೀನಿನ ಪಹಣಿ ಮತ್ತು ಪತ್ರಗಳು, ಬ್ಯಾಂಕ್ ಪಾಸ್‌ಬುಕ್ ಮತ್ತು ಚೆಕ್‌ಬುಕ್, ನಡೆಯುತ್ತಿರುವ ಕಾಮಗಾರಿಯ ಒಪ್ಪಂದ, ಕೊಡಬೇಕಾದ ಬಾಕಿ, ನಡಾವಳಿ ಪುಸ್ತಕ, ಈ ನಿಯಮದ ಪ್ರತಿ. ಹೋಗುವವರು, ಬರುವವರು, ಇಬ್ಬರು ಸಾಕ್ಷಿಗಳು ಪಟ್ಟಿಗೆ ಸಹಿ ಹಾಕಬೇಕು. ಹೊಸ ಗುರುಗಳು ಬಂದ ಮೊದಲ ಸಭೆಯಲ್ಲಿ ಹಳೆಯ ತೀರ್ಮಾನಗಳಲ್ಲಿ ಇನ್ನೂ ಮುಗಿಯದವನ್ನು ಕಾರ್ಯದರ್ಶಿ ಓದಿ ಹೇಳಲಿ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಅವರ ಉತ್ತರವನ್ನು ಅದೇ ಪುಸ್ತಕದಲ್ಲಿ, ಅದೇ ದಿನ ಬರೆದುಕೊಳ್ಳಿ.